ಹಾಸಿಗೆಯ ಮೇಲಿನ ನಮಾಝ್



ಬಂಧುಗಳಲ್ಲೋ ನೆರೆಹೊರೆಯಲ್ಲೋ ಒಬ್ಬರಿಗೆ ಆಪರೇಷನ್ ಆಗಿದೆ ಎಂಬ ಸುದ್ದಿ ಬಂದರೆ ನೀವು ಏನು ಮಾಡುತ್ತೀರಿ? ಸಂಜೆ ಒಂದು ಕಿಲೋ ಕಿತ್ತಳೆಯೋ ಎರಡು ಎಳನೀರೋ ಹಿಡಿದುಕೊಂಡು ಆಸ್ಪತ್ರೆಗೆ ಹೋಗುತ್ತೀರಿ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಎಷ್ಟು ಹೊಲಿಗೆ ಹಾಕಿದರು, ಎಷ್ಟು ಖರ್ಚಾಯಿತು, ಡಾಕ್ಟರು ಏನೆಂದರು ಎಂದು ವಿಚಾರಿಸುತ್ತೀರಿ. ಏಳುವಾಗ ಅಲ್ಲಾಹನು ಬೇಗ ಗುಣಪಡಿಸಲಿ ಎಂದು ಹಾರೈಸುತ್ತೀರಿ. ಇದೆಲ್ಲವೂ ಒಳ್ಳೆಯದೇ. ಆದರೆ ಆ ಮಂಚದ ಮೇಲಿರುವವರು ಇವತ್ತು ನಮಾಝ್ ಮಾಡಿದರೇ, ಮಾಡಿಲ್ಲವಾದರೆ ಯಾಕೆ ಮಾಡಲಿಲ್ಲ, ಅದರಿಂದ ಅವರ ಮನಸ್ಸಿನೊಳಗೆ ಏನು ನಡೆಯುತ್ತಿದೆ ಎಂದು ಎಂದಾದರೂ ಕೇಳಿದ್ದೀರಾ? ನಾನಂತೂ ಕೇಳುತ್ತಿರಲಿಲ್ಲ. ಕೇಳಬೇಕೆಂಬುದನ್ನು ನಾನು ಕಲಿತದ್ದು ನನ್ನ ಸೋದರಮಾವನ ಹಾಸಿಗೆಯ ಬಳಿ.

ಮಾಮನಿಗೆ ಆಗ ಅರುವತ್ತೆಂಟು ವರ್ಷ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಅವರಿಗೆ ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಚಿಕಿತ್ಸೆಯಾಯಿತು. ಸೋಮವಾರ ಸುಬ್‌ಹಿ ನಮಾಝನ್ನು ವಾರ್ಡಿನಲ್ಲೇ ನಿಂತು ನಿರ್ವಹಿಸಿ ಆಪರೇಷನ್ ಥಿಯೇಟರಿಗೆ ಹೋದರು. ಹೊರಗೆ ಬಂದಾಗ ಮೂತ್ರನಾಳದಲ್ಲಿ ಕ್ಯಾಥಿಟರ್ ಇತ್ತು. ಮೇಲೆ ತೂಗುಹಾಕಿದ ಚೀಲದಿಂದ ಮೂತ್ರಕೋಶವನ್ನು ತೊಳೆಯುವ ನೀರು ಇಳಿಯುತ್ತಿತ್ತು, ಮಂಚದ ಕೆಳಗಿನ ಚೀಲದಲ್ಲಿ ಕೆಂಪು ನೀರು ತುಂಬುತ್ತಿತ್ತು. ಈ ಶಸ್ತ್ರಚಿಕಿತ್ಸೆಯ ನಂತರ ಕೆಲವು ದಿನ ಹೀಗಿರುವುದು ಸಾಮಾನ್ಯ, ಹೆದರಬೇಕಾದ್ದೇನೂ ಇಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನೋವೂ ಅಷ್ಟೇನೂ ಇರಲಿಲ್ಲ. ಆದರೂ ಮಾಮ ಯಾರೊಡನೆಯೂ ಸರಿಯಾಗಿ ಮಾತಾಡುತ್ತಿರಲಿಲ್ಲ, ಗಂಜಿಯನ್ನು ಅರ್ಧ ಕುಡಿದು ಬದಿಗಿಡುತ್ತಿದ್ದರು. ಆಪರೇಷನ್ನಿನ ಆಯಾಸ ಎಂದು ನಾವೆಲ್ಲ ಭಾವಿಸಿದೆವು.

ಗುರುವಾರ ಮಧ್ಯಾಹ್ನ ಹತ್ತಿರದ ಮಸೀದಿಯಿಂದ ಅದಾನ್ ಕೇಳಿಸಿತು. ಮಾಮ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದರು. ಅವರ ಭುಜ ಅಲುಗುತ್ತಿತ್ತು. ನಾನು ಹತ್ತಿರ ಹೋಗಿ, "ಮಾಮ, ನೋವಾಗ್ತಿದೆಯಾ?" ಎಂದೆ.

"ನೋವಲ್ಲ ಮಗಾ," ಎಂದರು. "ಈ ಚೀಲ ಕಟ್ಟಿಕೊಂಡು ನಾನು ಅವನ ಮುಂದೆ ಹೇಗೆ ನಿಲ್ಲಲಿ? ಮೈಯೆಲ್ಲ ನಜಸ್. ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದು ಮೂರೇ ದಿನದಲ್ಲಿ ಹೋಯಿತು."

ನಲ್ವತ್ತು ವರ್ಷಗಳಿಂದ ಒಂದು ಹೊತ್ತಿನ ನಮಾಝನ್ನೂ ತಪ್ಪಿಸದ ಮನುಷ್ಯ. ಆ ಮೂರು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಅವರನ್ನು ನೋಡಿ ಹೋಗಿದ್ದರು. ಅವರಲ್ಲಿ ಗಡ್ಡವಿದ್ದವರೂ ಟೊಪ್ಪಿಯಿದ್ದವರೂ ಇದ್ದರು, ನಾನೂ ಇದ್ದೆ. ಕಾಯಿಲೆಯಿಂದ ಪಾಪ ತೊಳೆದುಹೋಗುತ್ತದೆ ಎಂದು ಒಬ್ಬರು ಹೇಳಿದ್ದರು. ಇಂಥವರು ಆಪರೇಷನ್ ಆದ ಮರುದಿನವೇ ಎದ್ದು ನಿಂತು ನಮಾಝ್ ಮಾಡಿದರು ಎಂಬ ಕಥೆಯನ್ನು ಇನ್ನೊಬ್ಬರು ಹೇಳಿದ್ದರು. ಚೀಲವಿದ್ದರೂ ನಮಾಝ್ ಆಗುತ್ತದೆ ಎಂಬ ಒಂದೇ ಒಂದು ಮಾತನ್ನು ಒಬ್ಬರೂ ಹೇಳಿರಲಿಲ್ಲ.

ನಾನು ಎಂದೋ ಓದಿದ್ದೆ, ಆದರೆ ಧೈರ್ಯವಾಗಿ ಹೇಳುವಷ್ಟು ತಿಳಿದಿರಲಿಲ್ಲ. ಕಾರಿಡಾರಿಗೆ ಹೋಗಿ ನಮ್ಮ ಊರಿನ ಮೌಲವಿಯವರಿಗೆ ಫೋನ್ ಮಾಡಿದೆ. ಅವರು ವಿಷಯವನ್ನೆಲ್ಲ ಕೇಳಿ, ನಿರಂತರವಾಗಿ ಮೂತ್ರ ಅಥವಾ ರಕ್ತ ಸೋರುವವರ ವಿಧಿಯೇ ಇವರಿಗೂ ಅನ್ವಯಿಸುತ್ತದೆ ಎಂದರು. ಹೊತ್ತು ಪ್ರವೇಶಿಸಿದ ಬಳಿಕ ಶುಚಿಗೊಳಿಸಿಕೊಂಡು ವುಝೂ ಮಾಡಿ, ತಡಮಾಡದೆ ಆ ಹೊತ್ತಿನ ನಮಾಝ್ ನಿರ್ವಹಿಸಲಿ, ಚೀಲದೊಳಗೆ ಏನು ಹರಿಯುತ್ತಿದೆ ಎಂದು ನೋಡುತ್ತಾ ಕೂರುವುದು ಬೇಡ ಎಂದು ತಿಳಿಸಿದರು. ಪ್ರವಾದಿವರ್ಯರ(ಸ) ಕಾಲದಲ್ಲಿ ಹಝ್ರತ್ ಫಾತಿಮಾ ಬಿಂತ್ ಅಬೀ ಹುಬೈಶ್(ರ) ಎಂಬ ಮಹಿಳೆ ನಿಲ್ಲದ ರಕ್ತಸ್ರಾವದಿಂದ ಕಂಗಾಲಾಗಿ, ನಾನು ನಮಾಝನ್ನೇ ಬಿಟ್ಟುಬಿಡಲೇ ಎಂದು ಕೇಳಿದ್ದರು. ಬಿಡಬೇಡಿ ಎಂದೇ ಅವರಿಗೆ ಉತ್ತರ ಸಿಕ್ಕಿತು. ಮಾಮ ಗೋಡೆಗೆ ಮುಖಮಾಡಿ ಕೇಳುತ್ತಿದ್ದ ಪ್ರಶ್ನೆಯನ್ನು ಸಾವಿರದ ನಾನೂರು ವರ್ಷಗಳ ಹಿಂದೆಯೇ ಒಬ್ಬಾಕೆ ಕೇಳಿ ಉತ್ತರ ಪಡೆದಿದ್ದರು. ಆ ಉತ್ತರವನ್ನು ವಾರ್ಡಿನವರೆಗೆ ತಲುಪಿಸುವವರು ಮಾತ್ರ ಇರಲಿಲ್ಲ.

ನಮ್ಮ ಮಾತು ಕೇಳಿಸಿಕೊಂಡ ನರ್ಸ್, "ಅಜ್ಜಾ, ಕಿಟಕಿ ಇರುವ ಕಡೆ ಪಶ್ಚಿಮ. ಮಂಚಕ್ಕೆ ಚಕ್ರ ಇದೆ, ತಿರುಗಿಸಿ ಕೊಡ್ತೇನೆ," ಎಂದಳು. ಆಕೆ ಕ್ರೈಸ್ತ ಹುಡುಗಿ. ಆ ವಾರ್ಡಿನಲ್ಲಿ ಎಷ್ಟೋ ಮುಸ್ಲಿಮ್ ರೋಗಿಗಳನ್ನು ನೋಡಿ ಕಲಿತದ್ದಂತೆ.

ಇಲ್ಲಿ ನಾವು ಆಲೋಚಿಸಬೇಕಾದ ಒಂದು ಮೂಲಭೂತ ಪ್ರಶ್ನೆಯಿದೆ. ನಮಾಝನ್ನು ನಾವು ದೇಹದ ಮೂಲಕ ಮಾಡುತ್ತೇವೆ. ನಿಲ್ಲುವುದು, ಬಾಗುವುದು, ಹಣೆಯನ್ನು ನೆಲಕ್ಕೆ ಮುಟ್ಟಿಸುವುದು, ತೊಳೆದ ಮೈ, ಶುದ್ಧ ಬಟ್ಟೆ, ಕಿಬ್ಲಾದ ದಿಕ್ಕು. ಶಸ್ತ್ರಚಿಕಿತ್ಸೆಯು ಇವುಗಳನ್ನೆಲ್ಲ ಒಂದೇ ಬೆಳಿಗ್ಗೆ ಕಸಿದುಕೊಳ್ಳುತ್ತದೆ. ಹಾಗಾದರೆ ದಾಸನ ಕೈಯಲ್ಲಿ ಉಳಿಯುವುದೇನು? ಅರ್ಧ ಮಾಡಿದ ಆರಾಧನೆಗೆ ಅರ್ಧ ಬೆಲೆಯೇ? ಅಲ್ಲಾಹನ ಬಳಿ ಅವನ ಸ್ಥಾನ ಕೆಳಗಿಳಿಯಿತೇ?

ಕುರ್‌ಆನ್ ಬುದ್ಧಿವಂತರ ಲಕ್ಷಣವನ್ನು ವಿವರಿಸುವಾಗ, ಅವರು ನಿಂತೂ ಕುಳಿತೂ ಮಲಗಿಯೂ ಅಲ್ಲಾಹನನ್ನು ಸ್ಮರಿಸುತ್ತಾರೆ ಎನ್ನುತ್ತದೆ (ಆಲಿ ಇಮ್ರಾನ್: 191). ಮಲಗಿರುವ ಭಂಗಿಯು ಅಲ್ಲಿ ಉಳಿದೆರಡರ ಸಾಲಿನಲ್ಲೇ ಇದೆ. ಹಝ್ರತ್ ಇಮ್ರಾನ್ ಬಿನ್ ಹುಸೈನ್(ರ) ಮೂಲವ್ಯಾಧಿಯಿಂದ ಬಳಲುತ್ತಿದ್ದಾಗ ನಮಾಝಿನ ಬಗ್ಗೆ ವಿಚಾರಿಸಿದರು. ನಿಂತು ಮಾಡಲು, ಸಾಧ್ಯವಾಗದಿದ್ದರೆ ಕುಳಿತು ಮಾಡಲು, ಅದೂ ಆಗದಿದ್ದರೆ ಮಗ್ಗುಲಲ್ಲಿ ಮಲಗಿ ಮಾಡಲು ಪ್ರವಾದಿವರ್ಯರು(ಸ) ಅವರಿಗೆ ಕಲಿಸಿದರು (ಬುಖಾರಿ). ಸ್ವತಃ ಪ್ರವಾದಿವರ್ಯರೇ(ಸ) ಒಮ್ಮೆ ಕುದುರೆಯಿಂದ ಬಿದ್ದು ಮಗ್ಗುಲು ತರಚಿದಾಗ ಕುಳಿತು ನಮಾಝ್ ನಿರ್ವಹಿಸಿದ್ದರು. ಮತ್ತೊಂದು ಹದೀಸನ್ನು ಹಝ್ರತ್ ಅಬೂ ಮೂಸಾ ಅಲ್‌ಅಶ್‌ಅರೀ(ರ) ವರದಿ ಮಾಡಿದ್ದಾರೆ. ದಾಸನು ರೋಗಿಯಾದರೆ ಅಥವಾ ಪ್ರಯಾಣದಲ್ಲಿದ್ದರೆ, ಆರೋಗ್ಯದಲ್ಲಿ ಊರಲ್ಲಿದ್ದಾಗ ಮಾಡುತ್ತಿದ್ದ ಕರ್ಮಗಳೆಲ್ಲವೂ ಅವನ ಹೆಸರಿನಲ್ಲಿ ಹಾಗೆಯೇ ಬರೆಯಲ್ಪಡುತ್ತವೆ ಎಂಬುದು ಅದರ ತಾತ್ಪರ್ಯ (ಬುಖಾರಿ). ಮಾಮ ಮಸೀದಿಗೆ ನಡೆದುಹೋಗುತ್ತಿದ್ದ ಹೆಜ್ಜೆಗಳು, ತಹಜ್ಜುದಿಗೆ ಎದ್ದ ರಾತ್ರಿಗಳು, ಎಲ್ಲವೂ ಅವರು ಮಂಚದಲ್ಲಿ ಬಿದ್ದಿರುವಾಗಲೂ ಲೆಕ್ಕಕ್ಕೆ ಸೇರುತ್ತಿದ್ದವು. ಅವರು ಮಾತ್ರ ಕಳೆದುಹೋಯಿತೆಂದು ಅಳುತ್ತಿದ್ದರು.

ಆಸ್ಪತ್ರೆಗಳಲ್ಲಿ ನಾನು ಎರಡು ಬಗೆಯ ತಪ್ಪುಗಳನ್ನು ಕಂಡಿದ್ದೇನೆ. ಮೊದಲನೆಯದು, ಹುಷಾರಾದ ಮೇಲೆ ಎಲ್ಲವನ್ನೂ ಒಟ್ಟಿಗೆ ಮಾಡಿದರಾಯಿತು ಎಂಬ ಉದಾಸೀನ. ಪ್ರಜ್ಞೆಯಿರುವವನಿಗೆ ನಮಾಝಿನಿಂದ ಅಂಥ ರಜೆಯಿಲ್ಲ. ಇದರ ಬಗ್ಗೆ ನಮ್ಮ ಪತ್ರಿಕೆಗಳಲ್ಲೂ ಮಿಂಬರ್‌ಗಳಲ್ಲೂ ಬೇಕಾದಷ್ಟು ಹೇಳಲಾಗುತ್ತದೆ. ಎರಡನೆಯದು ಅದಕ್ಕಿಂತ ಅಪಾಯಕಾರಿ, ಏಕೆಂದರೆ ಅದು ಭಕ್ತಿಯ ವೇಷದಲ್ಲಿ ಬರುತ್ತದೆ. ರೋಗಿಯ ಮೇಲೆ ಅಲ್ಲಾಹನು ಹೊರಿಸದ ಭಾರವನ್ನು ನಾವು ಹೊರಿಸುವುದು ಆ ಎರಡನೆಯ ತಪ್ಪು.

ಹಝ್ರತ್ ಜಾಬಿರ್(ರ) ವರದಿ ಮಾಡಿದ ಒಂದು ಘಟನೆ ಅಬೂದಾವೂದ್ ಗ್ರಂಥದಲ್ಲಿದೆ. ಪ್ರಯಾಣದಲ್ಲಿದ್ದ ಒಂದು ತಂಡದಲ್ಲಿ ಒಬ್ಬರ ತಲೆಗೆ ಕಲ್ಲು ಬಡಿದು ಗಾಯವಾಯಿತು. ಆ ರಾತ್ರಿ ಅವರಿಗೆ ಸ್ನಾನ ಕಡ್ಡಾಯವಾಯಿತು. ನನಗೆ ತಯಮ್ಮುಮ್‌ನ ರಿಯಾಯಿತಿ ಇದೆಯೇ ಎಂದು ಸಂಗಾತಿಗಳನ್ನು ಕೇಳಿದರು. ನೀರು ಸಿಗುತ್ತದಲ್ಲ, ರಿಯಾಯಿತಿ ಕಾಣುವುದಿಲ್ಲ ಎಂದು ಅವರು ಹೇಳಿಬಿಟ್ಟರು. ಆ ಮನುಷ್ಯ ಸ್ನಾನ ಮಾಡಿದರು, ಅದರಿಂದಲೇ ಮರಣಹೊಂದಿದರು. ಸುದ್ದಿ ತಲುಪಿದಾಗ ಪ್ರವಾದಿವರ್ಯರು(ಸ) ಎಷ್ಟು ನೊಂದರೆಂದರೆ, ಅವನನ್ನು ಕೊಂದವರು ಇವರೇ ಎಂದರು. ಗೊತ್ತಿಲ್ಲದಿದ್ದರೆ ಕೇಳಬಾರದಿತ್ತೇ, ಅಜ್ಞಾನಕ್ಕೆ ಮದ್ದು ಕೇಳುವುದೇ ಅಲ್ಲವೇ ಎಂದು ಗದರಿದರು.

ಓದುಗರೇ, ಈ ಘಟನೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಗಾಯಾಳು ದೇವಭಯವುಳ್ಳವನು, ಸಂಗಾತಿಗಳೂ ದೇವಭಯವುಳ್ಳವರೇ. ಧರ್ಮವನ್ನು ಕಾಪಾಡುವ ಉದ್ದೇಶದಿಂದಲೇ ಅವರು ಆ ಮಾತನ್ನಾಡಿದರು. ಆದರೂ ಅವರಿಗೆ ಸಿಕ್ಕಿದ್ದು ಪ್ರಶಂಸೆಯಲ್ಲ, ಕೊಲೆಯ ಆರೋಪ. ಕಟ್ಟುನಿಟ್ಟಾಗಿ ಹೇಳಿದರೆ ಸುರಕ್ಷಿತ, ಸಡಿಲವಾಗಿ ಹೇಳಿದರೆ ಅಪಾಯ ಎಂದು ನಮ್ಮಲ್ಲಿ ಹಲವರು ನಂಬಿದ್ದೇವೆ. ರೋಗಿಯ ಪಕ್ಕದಲ್ಲಿ ಕುಳಿತಾಗ ಈ ನಂಬಿಕೆಯನ್ನು ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬರಬೇಕು.

ಈಗಿನ ಶಸ್ತ್ರಚಿಕಿತ್ಸೆಗಳಲ್ಲಿ ಇದು ಬರೀ ಮಾತಿನ ವಿಷಯವೂ ಅಲ್ಲ. ಹೃದಯದ ಬೈಪಾಸ್ ಆದವರ ಎದೆಯ ಮೂಳೆಯನ್ನು ಸೀಳಿ, ಬಳಿಕ ತಂತಿಯಿಂದ ಬಿಗಿದಿರುತ್ತಾರೆ. ಅದು ಕೂಡಿಕೊಳ್ಳಲು ಸಾಮಾನ್ಯವಾಗಿ 6ರಿಂದ 12 ವಾರ ಬೇಕು. ಅಷ್ಟು ದಿನ ಕೈಗಳ ಮೇಲೆ ಮೈಭಾರ ಹಾಕಿ ಏಳಬಾರದು ಎನ್ನುತ್ತಾರೆ. ಸುಜೂದಿನಿಂದ ಏಳುವಾಗ ನಾವು ಮಾಡುವುದು ಅದನ್ನೇ ತಾನೇ? ಹರ್ನಿಯಾದಂಥ ಹೊಟ್ಟೆಯ ಆಪರೇಷನ್ ಆದವರು ಬಗ್ಗಿ ಏಳುವಾಗ ಹೊಲಿಗೆಯ ಮೇಲೆ ಒತ್ತಡ ಬೀಳುತ್ತದೆ. ಕಣ್ಣಿನ ಪೊರೆ ತೆಗೆಸಿಕೊಂಡವರಿಗೆ ಮೊದಲ ಕೆಲವು ದಿನ ತಲೆ ತಗ್ಗಿಸಬೇಡಿ ಎಂದು ಹೇಳುತ್ತಾರೆ. ರೆಟಿನಾದ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿನೊಳಗೆ ಅನಿಲದ ಗುಳ್ಳೆ ಇಟ್ಟವರಲ್ಲಿ ಕೆಲವರು ಇದಕ್ಕೆ ತದ್ವಿರುದ್ಧವಾಗಿ ದಿನಗಟ್ಟಲೆ ಮುಖ ಕೆಳಗೆ ಮಾಡಿಕೊಂಡೇ ಇರಬೇಕಾಗುತ್ತದೆ. ಮೊಣಕಾಲು ಬದಲಿಸಿಕೊಂಡವರ ಕಥೆ ನಿಮಗೆ ಗೊತ್ತೇ ಇದೆ. ಇವರಲ್ಲಿ ಪ್ರತಿಯೊಬ್ಬರ ನಮಾಝಿನ ಭಂಗಿಯೂ ಬೇರೆ. ಹಾಗಾಗಿ ಸುಜೂದ್ ಮಾಡಬಹುದೇ ಎಂದು ವೈದ್ಯರನ್ನು ಕೇಳುವುದು ದೀನಿನಿಂದ ಹೊರಗಿನ ಕೆಲಸವಲ್ಲ. ಬಾಗುವುದರಿಂದ ಹಾನಿಯಿದೆ ಎಂದು ಬಲ್ಲ ವೈದ್ಯರು ಹೇಳಿದರೆ, ಆ ಮಾತಿನ ಆಧಾರದ ಮೇಲೆಯೇ ಕರ್ಮಶಾಸ್ತ್ರದ ವಿಧಿ ಬದಲಾಗುತ್ತದೆ. ವೈದ್ಯರು ಮುಸ್ಲಿಮರಲ್ಲದಿದ್ದರೂ ಸಂಕೋಚ ಬೇಡ. ಸುಜೂದ್ ಎಂದರೆ ಏನೆಂದು ಒಮ್ಮೆ ಬಾಗಿ ತೋರಿಸಿ ಕೇಳಿರಿ.

ಕುಳಿತಲ್ಲೇ ತಲೆಯನ್ನು ಸ್ವಲ್ಪ ಬಾಗಿಸಿ ರುಕೂ, ಇನ್ನೂ ಸ್ವಲ್ಪ ಹೆಚ್ಚು ಬಾಗಿಸಿ ಸುಜೂದ್. ಮಲಗಿರುವವರಿಗೆ ತಲೆಯ ಸನ್ನೆ. ತಲೆಯನ್ನೂ ಅಲುಗಿಸಲಾಗದವರು ಕಣ್ಣಿನ ಸನ್ನೆಯಿಂದ, ಅದೂ ಆಗದಿದ್ದರೆ ಮನಸ್ಸಿನಲ್ಲೇ ನಿರ್ವಹಿಸಬೇಕೆಂದು ಶಾಫಿಈ ವಿದ್ವಾಂಸರು ಹೇಳುತ್ತಾರೆ. ತಲೆಯ ಸನ್ನೆಯೂ ಅಸಾಧ್ಯವಾದರೆ ನಮಾಝನ್ನು ಮುಂದೂಡಲಾಗುತ್ತದೆ ಎಂಬುದು ಹನಫೀ ಅಭಿಪ್ರಾಯ. ನೀರು ಮುಟ್ಟಬಾರದ ಗಾಯವಿದ್ದರೆ ತಯಮ್ಮುಮ್ ಇದೆ, ಬ್ಯಾಂಡೇಜು ಮತ್ತು ಪ್ಲಾಸ್ಟರಿನ ಮೇಲೆ ಒದ್ದೆ ಕೈ ಸವರುವ ವಿಧಿಯಿದೆ. ಕರಾವಳಿಯ ಹೆಚ್ಚಿನವರು ಶಾಫಿಈ ಮದ್‌ಹಬಿನವರು, ಅವರಿಗೆ ತಯಮ್ಮುಮ್‌ಗೆ ಧೂಳಿರುವ ಮಣ್ಣೇ ಬೇಕು. ಟೈಲ್ಸ್ ಹಾಕಿದ ವಾರ್ಡಿನಲ್ಲಿ ಅದೆಲ್ಲಿಂದ ಬರಬೇಕು? ಕಿತ್ತಳೆಯ ಜೊತೆ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಜರಡಿ ಹಿಡಿದ ಶುದ್ಧ ಮಣ್ಣು ಒಯ್ಯಿರಿ, ಅದನ್ನು ಗಾಯದಿಂದ ದೂರ ಇಟ್ಟು ಮುಚ್ಚಳ ಹಾಕಿಡಲು ಹೇಳಿರಿ. ಮಂಚವನ್ನು ತಿರುಗಿಸಲಾಗದಿದ್ದರೆ, ತಿರುಗಿಸುವವರೂ ಇಲ್ಲದಿದ್ದರೆ, ಮುಖವಿರುವ ಕಡೆಗೇ ನಮಾಝ್ ನಡೆಯಲಿ. ಪೂರ್ವವೂ ಪಶ್ಚಿಮವೂ ಅಲ್ಲಾಹನವೇ ಎಂದು ಅಲ್‌ಬಕರದ 115ನೆಯ ಸೂಕ್ತ ತಿಳಿಸುತ್ತದೆ. ಅರಿವಳಿಕೆಯ ಹೊತ್ತಿನಲ್ಲಿ ತಪ್ಪಿದ ನಮಾಝನ್ನು ಎಚ್ಚರವಾದ ಬಳಿಕ ನಿದ್ದೆಯಲ್ಲಿ ತಪ್ಪಿದ್ದನ್ನು ನಿರ್ವಹಿಸುವಂತೆ ನಿರ್ವಹಿಸಬೇಕೆಂದು ಇಂದಿನ ಅನೇಕ ವಿದ್ವಾಂಸರು ಹೇಳುತ್ತಾರೆ.

ಎರಡು ನಮಾಝ್‌ಗಳನ್ನು ಒಟ್ಟುಗೂಡಿಸುವ ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ. ಹಂಬಲೀ ವಿದ್ವಾಂಸರು ರೋಗಿಗೆ ಅದನ್ನು ಅನುಮತಿಸುತ್ತಾರೆ. ಶಾಫಿಈ ಮದ್‌ಹಬಿನ ಪ್ರಸಿದ್ಧ ಅಭಿಪ್ರಾಯ ಹಾಗಿಲ್ಲದಿದ್ದರೂ, ಅದೇ ಮದ್‌ಹಬಿನ ಇಮಾಮ್ ನವವಿಯವರು ರೋಗಿಗೆ ಅನುಮತಿಯಿದೆ ಎಂಬ ಮಾತನ್ನು ಬಲವಾದದ್ದೆಂದು ಕಂಡಿದ್ದಾರೆ. ಹನಫೀಗಳು ಝುಹ್ರನ್ನು ಅದರ ಕೊನೆಯ ಹೊತ್ತಿಗೂ ಅಸರನ್ನು ಅದರ ಮೊದಲ ಹೊತ್ತಿಗೂ ಇಟ್ಟುಕೊಂಡು ಒಂದೇ ವುಝೂವಿನಲ್ಲಿ ಎರಡನ್ನೂ ಮುಗಿಸುವ ದಾರಿ ತೋರಿಸುತ್ತಾರೆ. ನಿಮ್ಮ ರೋಗಿಯ ಮಟ್ಟಿಗೆ ಯಾವುದು ಸರಿ ಎಂಬುದನ್ನು ನಿಮ್ಮ ಊರಿನ ಆಲಿಮರಲ್ಲಿ ಕೇಳಿರಿ. ಆದರೆ ಆಪರೇಷನ್ನಿಗೆ ಮುಂಚೆಯೇ ಕೇಳಿರಿ. ರಕ್ತದ ಗುಂಪು, ವಿಮೆಯ ಕಾಗದ ಎಲ್ಲವನ್ನೂ ಮುಂಚಿತವಾಗಿ ಸಿದ್ಧಪಡಿಸುವ ನಾವು ಇದೊಂದನ್ನು ಮಾತ್ರ ರೋಗಿಯು ಅಳುವ ದಿನದವರೆಗೆ ಬಿಟ್ಟುಬಿಡುತ್ತೇವೆ.

ಇನ್ನು ನೋವಿನ ವಿಷಯ. ಒಬ್ಬ ಹಿರಿಯರು ನೋವಿನ ಇಂಜೆಕ್ಷನ್ ಬೇಡವೆಂದು ಹಲ್ಲು ಕಚ್ಚಿಕೊಂಡು ಮಲಗಿದ್ದನ್ನು ನಾನು ಕಂಡಿದ್ದೇನೆ. ಸಹನೆಯ ಪ್ರತಿಫಲ ಕಡಿಮೆಯಾದೀತೆಂಬ ಭಯ ಅವರಿಗೆ. ಉರ್ವಾ ಬಿನ್ ಝುಬೈರ್ ಅವರ ಕಾಲನ್ನು ಕತ್ತರಿಸಬೇಕಾಗಿ ಬಂದಾಗ, ಬುದ್ಧಿಯನ್ನು ಮಂಕಾಗಿಸುವ ಪಾನೀಯವನ್ನು ನಿರಾಕರಿಸಿ ಅಲ್ಲಾಹನ ಸ್ಮರಣೆಯಲ್ಲಿ ಆ ನೋವನ್ನು ಸಹಿಸಿಕೊಂಡ ಕಥೆಯನ್ನು ಯಾರೋ ಅವರಿಗೆ ಹೇಳಿದ್ದರು. ಚರಿತ್ರೆಯ ಗ್ರಂಥಗಳಲ್ಲಿ ಆ ಕಥೆ ಪ್ರಸಿದ್ಧವಾಗಿದೆ, ಉರ್ವಾ ಮಹಾನ್ ತಾಬಿಈಯಾಗಿದ್ದರು. ಆದರೆ ಗಮನಿಸಿರಿ, ಆ ಆಯ್ಕೆಯನ್ನು ಅವರು ತಮ್ಮ ಮೈಯ ಬಗ್ಗೆ ತಾವೇ ಮಾಡಿದ್ದರು. ಯಾರೂ ಅವರ ತಲೆದೆಸೆಯಲ್ಲಿ ಕುಳಿತು ಅದನ್ನು ಅವರಿಂದ ನಿರೀಕ್ಷಿಸಿರಲಿಲ್ಲ. ಇನ್ನೊಬ್ಬರ ಹೊಲಿಗೆ ಹಾಕಿದ ಹೊಟ್ಟೆಯ ಮೇಲೆ ನಮ್ಮ ಆದರ್ಶವನ್ನು ಪರೀಕ್ಷಿಸುವ ಹಕ್ಕು ನಮಗಿಲ್ಲ. ಅದೂ ಅಲ್ಲದೆ, ನೋವಿರುವ ರೋಗಿ ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮಲು ಹೆದರುತ್ತಾನೆ, ನಡೆಯಲು ಒಪ್ಪುವುದಿಲ್ಲ. ಇದರಿಂದ ಕಫ ಕಟ್ಟಿ ನ್ಯುಮೋನಿಯಾ ಬರಬಹುದು, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು. ವೈದ್ಯರು ಕೊಡುವ ನೋವಿನ ಔಷಧ ಚಿಕಿತ್ಸೆಯ ಭಾಗವೇ ಆಗಿದೆ, ಅದನ್ನು ತೆಗೆದುಕೊಳ್ಳುವುದು ಅಸಹನೆಯಲ್ಲ.

ನರಳುವುದೂ ಅಸಹನೆಯಲ್ಲ. ಅಯ್ಯೂಬ್(ಅ) ತಮಗೆ ಸಂಕಷ್ಟ ತಗಲಿತೆಂದು ಪ್ರಭುವಿನ ಮುಂದೆ ಮೊರೆಯಿಟ್ಟರು (ಅಲ್‌ಅಂಬಿಯಾ: 83). ಅದೇ ಅಯ್ಯೂಬರನ್ನು ಕುರ್‌ಆನ್ ಸಹನಶೀಲರೆಂದು ಕರೆಯುತ್ತದೆ (ಸ್ವಾದ್: 44). ಹಝ್ರತ್ ಆಯಿಶಾ(ರ) ತಲೆನೋವಿನಿಂದ ಅಯ್ಯೋ ನನ್ನ ತಲೆ ಎಂದಾಗ ಪ್ರವಾದಿವರ್ಯರು(ಸ) ಅವರನ್ನು ಗದರಿಸಲಿಲ್ಲ, ತಮಗೂ ತಲೆನೋವೆಂದು ಹೇಳಿಕೊಂಡರು (ಬುಖಾರಿ). ನಮ್ಮ ಮನೆಗಳಲ್ಲಿ ಮಾತ್ರ ಹೆಂಗಸೊಬ್ಬಳು ಹೊಲಿಗೆಯ ನೋವಿಗೆ ಅತ್ತರೆ, ಸಬರ್ ಬೇಡವೇ ಎಂದು ಕೇಳಲು ನಾಲ್ಕು ಮಂದಿ ಸಿದ್ಧರಿರುತ್ತಾರೆ.

ಕಾಯಿಲೆಯಿಂದ ಪಾಪಗಳು ಉದುರುತ್ತವೆ ಎಂಬುದು ಸತ್ಯ. ಮುಳ್ಳು ಚುಚ್ಚಿದರೂ ಅದಕ್ಕೆ ಪ್ರತಿಫಲವಿದೆಯೆಂದು ಹದೀಸ್ ತಿಳಿಸುತ್ತದೆ. ರೋಗಿಯು ತಾನೇ ಅದನ್ನು ನೆನೆದು ಸಮಾಧಾನ ಪಡೆದರೆ ಅದು ಅವನ ಭಾಗ್ಯ. ಆರೋಗ್ಯವಂತನೊಬ್ಬ ಕಿತ್ತಳೆ ಸುಲಿಯುತ್ತಾ ಅದನ್ನು ಹೇಳಿದರೆ, ರೋಗಿಯ ಕಿವಿಗೆ ಅದು ನೀನು ಪಾಪಿ ಎಂದು ಕೇಳಿಸಬಹುದು. ಮಾಮನಿಗೆ ಹಾಗೆಯೇ ಕೇಳಿಸಿತ್ತು. ಪ್ರವಾದಿವರ್ಯರು(ಸ) ಒಬ್ಬ ವೃದ್ಧ ಗ್ರಾಮೀಣ ಅರಬನನ್ನು ಸಂದರ್ಶಿಸಿ, ಚಿಂತೆಯಿಲ್ಲ, ಅಲ್ಲಾಹನು ಇಚ್ಛಿಸಿದರೆ ಇದು ಶುದ್ಧೀಕರಣವಾದೀತು ಎಂದು ಸಾಂತ್ವನ ಹೇಳಿದರು. ಆತ ಸಿಡುಕಿನಿಂದ, ಶುದ್ಧೀಕರಣವೆಲ್ಲಿಯದು, ಮುದುಕನನ್ನು ಗೋರಿಗೆ ಒಯ್ಯುವ ಕುದಿಯುವ ಜ್ವರವಿದು ಎಂದುಬಿಟ್ಟ. ಪ್ರವಾದಿವರ್ಯರು(ಸ) ವಾದಕ್ಕಿಳಿಯಲಿಲ್ಲ, ಸರಿ, ಹಾಗೆಯೇ ಆಗಲಿ ಎಂದರು (ಬುಖಾರಿ). ಆತನ ಹತಾಶೆಯ ಮಾತಿಗೆ ಆ ಉತ್ತರದಲ್ಲಿ ಎಚ್ಚರಿಕೆಯೂ ಇದೆಯೆಂದು ವಿದ್ವಾಂಸರು ಹೇಳುತ್ತಾರೆ, ಅದೂ ನಿಜ. ಆದರೆ ಸಾಂತ್ವನವನ್ನು ಒಮ್ಮೆ, ಮೃದುವಾಗಿ, ಅಲ್ಲಾಹನು ಇಚ್ಛಿಸಿದರೆ ಎಂಬ ಮಾತಿನೊಂದಿಗೆ ನೀಡಲಾಯಿತು. ಅದನ್ನು ಬಲವಂತವಾಗಿ ಗಂಟಲಿಗಿಳಿಸಲಿಲ್ಲ.

ಸಿಸೇರಿಯನ್ ಆದ ತಾಯಂದಿರ ಬಗ್ಗೆ ಒಂದು ಮಾತು. ಹೆರಿಗೆಯ ರಕ್ತಸ್ರಾವವಿರುವ ದಿನಗಳಲ್ಲಿ ಅವರಿಗೆ ನಮಾಝ್ ಇಲ್ಲ, ಅದನ್ನು ಬಳಿಕ ತೀರಿಸಬೇಕಾಗಿಯೂ ಇಲ್ಲ. ಆದರೆ ಇದರ ಅರ್ಥ ಅಲ್ಲಾಹನೊಂದಿಗಿನ ಸಂಬಂಧವೇ ಕಡಿದುಹೋಯಿತೆಂದಲ್ಲ. ದಿಕ್ರ್ ಇದೆ, ದುಆ ಇದೆ, ಸ್ವಲಾತ್ ಇದೆ. ಎದೆಹಾಲು ಕೊಡಲು ಮಗ್ಗುಲು ತಿರುಗುವಾಗ ಹೊಟ್ಟೆ ಹಿಡಿದುಕೊಂಡು ಬಿಸ್ಮಿಲ್ಲಾಹ್ ಎನ್ನುವ ಆ ಹುಡುಗಿಯ ದುಆವನ್ನು ನಾವು ಯಾರೂ ಲೆಕ್ಕಕ್ಕಿಟ್ಟುಕೊಳ್ಳುವುದಿಲ್ಲ. ನನಗಾಗಿ ದುಆ ಮಾಡು ಮಗಳೇ ಎಂದು ಅವಳಲ್ಲಿ ಕೇಳಿ ನೋಡಿ, ಅವಳ ಮುಖ ಹೇಗಾಗುತ್ತದೆಂದು.

ವೃದ್ಧರಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯ ಬಳಿಕ ಕೆಲವೊಮ್ಮೆ ಬುದ್ಧಿ ಗೊಂದಲಕ್ಕೊಳಗಾಗುತ್ತದೆ. ರಾತ್ರಿ ಹೊತ್ತು ಇಲ್ಲದವರನ್ನು ಕಾಣುತ್ತಾರೆ, ಟ್ಯೂಬು ಕೀಳುತ್ತಾರೆ, ಬೈಯುತ್ತಾರೆ. ಜೀವಮಾನವಿಡೀ ಬಾಯಿಂದ ಕೆಟ್ಟ ಮಾತು ಬಾರದವರು ಏನೇನೋ ಆಡಿಬಿಡುತ್ತಾರೆ. ಅಬ್ಬನ ಈಮಾನಿಗೆ ಏನಾಯಿತು ಎಂದು ಮಕ್ಕಳು ಒಳಗೊಳಗೇ ಹೆದರುತ್ತಾರೆ, ನಾಚಿಕೆಯಿಂದ ಯಾರಲ್ಲೂ ಹೇಳುವುದಿಲ್ಲ. ಇದು ವೈದ್ಯರಿಗೆ ಚಿರಪರಿಚಿತವಾದ ಸ್ಥಿತಿ, ಬಹುಪಾಲು ಮಂದಿಯಲ್ಲಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಕೂಡಲೇ ಅವರಿಗೆ ತಿಳಿಸಬೇಕು. ಬುದ್ಧಿ ತನ್ನ ಹಿಡಿತದಲ್ಲಿಲ್ಲದವನ ಮೇಲಿನಿಂದ ಲೇಖನಿಯನ್ನು ಎತ್ತಲಾಗಿದೆ ಎಂಬುದು ಪ್ರವಾದಿ ವಚನದ ಸಾರ. ಅಲ್ಲಾಹನು ಬರೆದುಕೊಳ್ಳದ ಮಾತನ್ನು ಮಕ್ಕಳು ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳುವುದು ಬೇಡ. ಆ ಹೊತ್ತಿನಲ್ಲಿ ಕಲಿಮಾ ಹೇಳಿಸಲು ಒತ್ತಾಯಿಸುವ ಬದಲು ಅವರ ಕನ್ನಡಕವನ್ನೂ ಕಿವಿಯ ಯಂತ್ರವನ್ನೂ ಹಾಕಿ, ಪರಿಚಿತ ಸ್ವರದಲ್ಲಿ ಅವರಿಗೆ ಬಾಯಿಪಾಠವಿರುವ ಚಿಕ್ಕ ಸೂರಃವೊಂದನ್ನು ಮೆಲ್ಲಗೆ ಓದಿರಿ.

ಮೆಲ್ಲಗೆ ಎಂದೆ, ಏಕೆಂದರೆ ಪಕ್ಕದ ಮಂಚದಲ್ಲಿ ಇನ್ನೊಬ್ಬರಿದ್ದಾರೆ. ಅವರಿಗೂ ಆಪರೇಷನ್ ಆಗಿದೆ, ಅವರಿಗೂ ನಿದ್ದೆ ಬೇಕು. ತಮ್ಮ ಸೇವೆ ಮಾಡುತ್ತಿದ್ದ ಯಹೂದಿ ಬಾಲಕ ಕಾಯಿಲೆ ಬಿದ್ದಾಗ ಪ್ರವಾದಿವರ್ಯರು(ಸ) ಅವನ ಮನೆಗೇ ಹೋಗಿ ತಲೆದೆಸೆಯಲ್ಲಿ ಕುಳಿತಿದ್ದರು. ನಾವು ನಮ್ಮವರ ಮಂಚದ ಸುತ್ತ ಹತ್ತು ಮಂದಿ ನೆರೆದು, ಪಕ್ಕದ ಮಂಚದವರ ಕಡೆಗೆ ಬೆನ್ನು ಹಾಕಿ ಮಾತಾಡುತ್ತೇವೆ. ಈಗ ಮೊಬೈಲಿನ ಕಾಟವೂ ಸೇರಿದೆ. ಮೂಗಿಗೆ ಆಮ್ಲಜನಕದ ನಳಿಕೆಯಿರುವ, ಮೈಮೇಲೆ ಬಟ್ಟೆ ಸರಿಯಿಲ್ಲದ ರೋಗಿಯ ಫೋಟೋ ತೆಗೆದು, ದುಆ ಮಾಡಿ ಎಂದು ಗುಂಪುಗಳಿಗೆ ಕಳುಹಿಸುತ್ತಾರೆ. ದುಆ ಮಾಡಲು ಹೆಸರು ಸಾಕು. ಹಝ್ರತ್ ಸಅದ್ ಬಿನ್ ಅಬೀ ವಕ್ಕಾಸ್(ರ) ಮಕ್ಕಾದಲ್ಲಿ ಕಾಯಿಲೆ ಬಿದ್ದಾಗ ಪ್ರವಾದಿವರ್ಯರು(ಸ) ಅವರ ಹಣೆಯ ಮೇಲೆ ಕೈಯಿಟ್ಟು, ಮುಖವನ್ನೂ ಹೊಟ್ಟೆಯನ್ನೂ ಸವರಿ ಪ್ರಾರ್ಥಿಸಿದ್ದರು. ಎಷ್ಟೋ ಕಾಲದ ಬಳಿಕವೂ ಆ ಕೈಯ ತಂಪನ್ನು ಸಅದ್(ರ) ನೆನೆಯುತ್ತಿದ್ದರು. ಕೈ ತೊಳೆದುಕೊಂಡು ಹೋಗಿ, ಅವರೊಪ್ಪಿದರೆ ಹಣೆಯ ಮೇಲೆ ಕೈಯಿಡಿರಿ. ಬೇಗ ಎದ್ದು ಬನ್ನಿರಿ.

ಕೊನೆಗೆ ಎಲ್ಲರೂ ಕೇಳಲು ಅಂಜುವ ಪ್ರಶ್ನೆ. ಇಷ್ಟೆಲ್ಲ ಪ್ರಾರ್ಥಿಸಿದ ಮೇಲೂ ರೋಗಿ ಉಳಿಯದಿದ್ದರೆ? ಹಿಜರಿ 5ರ ಖಂದಕ್ ಯುದ್ಧದಲ್ಲಿ ಹಝ್ರತ್ ಸಅದ್ ಬಿನ್ ಮುಆದ್(ರ) ಅವರ ಕೈಯ ರಕ್ತನಾಳಕ್ಕೆ ಬಾಣ ತಗಲಿತು. ರಕ್ತ ನಿಲ್ಲಿಸಲು ಪ್ರವಾದಿವರ್ಯರು(ಸ) ಗಾಯಕ್ಕೆ ಬರೆ ಹಾಕಿ ಚಿಕಿತ್ಸೆ ನೀಡಿದರು. ಪದೇ ಪದೇ ಹೋಗಿ ನೋಡಲು ಅನುಕೂಲವಾಗಲೆಂದು ಮಸೀದಿಯೊಳಗೇ ಅವರಿಗಾಗಿ ಒಂದು ಡೇರೆ ಹಾಕಿಸಿದರು. ಗಾಯಾಳು ಮಸೀದಿಗೆ ಬರಲಾಗದಿದ್ದಾಗ ಮಸೀದಿಯೇ ಅವರ ಸುತ್ತ ಬಂದು ನಿಂತಂತಾಯಿತು. ಆದರೂ ಒಂದು ರಾತ್ರಿ ಗಾಯ ಬಿರಿಯಿತು, ರಕ್ತ ಹರಿದು ಪಕ್ಕದ ಡೇರೆಯವರೆಗೆ ಹೋಯಿತು, ಸಅದ್(ರ) ಮರಣಹೊಂದಿದರು. ಚಿಕಿತ್ಸೆ ಮಾಡಿದವರು, ಪ್ರಾರ್ಥಿಸಿದವರು, ಪಕ್ಕದಲ್ಲಿ ಕುಳಿತವರು ಯಾರೆಂದು ನೆನೆಯಿರಿ. ಅಲ್ಲಿ ಪ್ರಾರ್ಥನೆ ಸಾಲದೆ ಹೋಯಿತೆಂದು ಹೇಳುವ ಧೈರ್ಯ ಯಾರಿಗಿದೆ? ಮತ್ತೆ ನಮ್ಮ ನಡುವೆ ಒಬ್ಬ ತಾಯಿ ಐಸಿಯುವಿನಿಂದ ಮಗನ ಮಯ್ಯಿತ್ ತಂದಾಗ, ನನ್ನ ದುಆದಲ್ಲೇ ಏನೋ ಕೊರತೆಯಿತ್ತು ಎಂದು ಆಕೆ ಎದೆ ಬಡಿದುಕೊಳ್ಳಲು ನಾವು ಯಾಕೆ ಬಿಡುತ್ತೇವೆ? ಪ್ರಾರ್ಥನೆ ಗುಣಪಡಿಸುವ ಯಂತ್ರವಾಗಿದ್ದರೆ ಆ ಡೇರೆ ಖಾಲಿಯಾಗುತ್ತಿರಲಿಲ್ಲ. ರೋಗಿಯನ್ನು ಸಂದರ್ಶಿಸಿದ್ದರೆ ನನ್ನನ್ನು ಅವನ ಬಳಿಯಲ್ಲೇ ಕಾಣುತ್ತಿದ್ದೆ ಎಂದು ಅಲ್ಲಾಹನು ಅಂತ್ಯದಿನದಂದು ಮನುಷ್ಯನಿಗೆ ಹೇಳುವನೆಂದು ಮುಸ್ಲಿಮ್ ಗ್ರಂಥದ ಹದೀಸಿನಲ್ಲಿದೆ. ಗುಣವಾಗುವ ರೋಗಿಯ ಬಳಿ ಎಂಬ ಷರತ್ತು ಅದರಲ್ಲಿಲ್ಲ.

ಆ ಗುರುವಾರ ಮಾಮ ಝುಹ್ರ್ ನಿರ್ವಹಿಸಿದರು. ನರ್ಸ್ ಮಂಚವನ್ನು ತಿರುಗಿಸಿ, ಬೆನ್ನಿನ ಭಾಗವನ್ನು ಎತ್ತರಿಸಿ ಕೊಟ್ಟಳು. ನಾನು ಬೇಸಿನ್ ಹಿಡಿದು ವುಝೂ ಮಾಡಿಸಿದೆ. ಕೆಳಗಿನ ಚೀಲದ ಮೇಲೆ ಒಂದು ಟವೆಲ್ ಹೊದಿಸಿದೆ. ಅಗತ್ಯವಿರಲಿಲ್ಲ, ಆದರೆ ಅವರಿಗೆ ಅದು ಕಾಣಬಾರದೆನಿಸಿತು. ಸಲಾಮ್ ಹೇಳಿದ ಬಳಿಕ ಬಹಳ ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದರು. ಆಮೇಲೆ ಗಂಜಿ ಕೇಳಿದರು.

ಸೋಮವಾರದ ಝುಹ್ರಿನಿಂದ ಗುರುವಾರದ ಸುಬ್‌ಹಿಯವರೆಗೆ ಅವರಿಂದ ತಪ್ಪಿದ್ದು ಹದಿನೈದು ನಮಾಝ್. ಮನೆಗೆ ಬಂದು ಕೆಲವು ದಿನಗಳ ಬಳಿಕ ಪ್ರತಿದಿನ ಒಂದೆರಡರಂತೆ ಅವುಗಳನ್ನು ಕುರ್ಚಿಯಲ್ಲಿ ಕುಳಿತು ತೀರಿಸತೊಡಗಿದರು. ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಗೆರೆ ಎಳೆದು ಲೆಕ್ಕವಿಟ್ಟಿದ್ದರಂತೆ. ಹದಿನೈದನೆಯದು ಮುಗಿದ ರಾತ್ರಿ ನನಗೆ ಫೋನ್ ಮಾಡಿ, "ಆಯಿತು ಮಗಾ," ಎಂದಷ್ಟೇ ಹೇಳಿದರು. ಈಗ ಯಾರಿಗಾದರೂ ಆಪರೇಷನ್ ಆಗಿದೆಯೆಂದು ಕೇಳಿದರೆ ಅವರು ಮೊದಲು ಹುಡುಕುವುದು ಮಣ್ಣಿನ ಡಬ್ಬಿಯನ್ನು.